ದ್ವೀಪದ ಲೆಕ್ಕ ಬಾವಿಯಿಂದ ಶುರುವಾಗಲಿ



ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಶ್ರೀಶೈಲಕ್ಕೋ ಕಾಶಿಗೋ ಹೋಗಿ ಬರುತ್ತಿದ್ದ ನಮ್ಮ ಊರಿನ ಭಕ್ತರ ಬಳಗದಲ್ಲಿ ಈಗ ಲಕ್ಷದ್ವೀಪದ ಮಾತು ಕೇಳಿಬರುತ್ತಿದೆ. 2024ರ ಜನವರಿಯಲ್ಲಿ ಪ್ರಧಾನಿಯವರು ಅಲ್ಲಿನ ಕಡಲ ದಂಡೆಯಲ್ಲಿ ಕುಳಿತ ಚಿತ್ರಗಳು ಎಲ್ಲರ ಫೋನಿಗೂ ಬಂದವು. ಆಮೇಲೆ ಈ ಆಸೆ ದೇಶದ ತುಂಬ ಹಬ್ಬಿತು. ನೋಡುವ ಆಸೆ ತಪ್ಪಲ್ಲ. ನಾನೂ ನಿವೃತ್ತಿಯ ನಂತರ ಪರವಾನಗಿ ಪಡೆದು ಕೊಚ್ಚಿಯಿಂದ ಹಡಗು ಹತ್ತಿ ಕವರತ್ತಿಗೆ ಹೋಗಿ ಬಂದವನು. ಆದರೆ ನೀರಾವರಿ ಮತ್ತು ಕುಡಿಯುವ ನೀರಿನ ಕೆಲಸದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದವನಿಗೆ ಆ ದ್ವೀಪಗಳ ಬಗ್ಗೆ ಈಗ ನಡೆಯುತ್ತಿರುವ ಚರ್ಚೆ ತಲೆಕೆಳಗಾಗಿ ಕಾಣುತ್ತದೆ. ಎಷ್ಟು ಕೋಣೆ ಕಟ್ಟಬಹುದು, ವಿಮಾನದ ಓಡುದಾರಿಯನ್ನು ಎಷ್ಟು ಉದ್ದ ಮಾಡಬಹುದು ಎಂದು ಮೊದಲು ಕೇಳುತ್ತಾರೆ. ನೀರು ಎಲ್ಲಿಂದ, ಕೊಳೆ ಎಲ್ಲಿಗೆ ಎಂಬ ಪ್ರಶ್ನೆ ಕೊನೆಗೆ ಬರುತ್ತದೆ. ಆ ನೆಲದಲ್ಲಿ ಬದುಕುವವರ ಒಪ್ಪಿಗೆಯ ಪ್ರಶ್ನೆ ಅದಕ್ಕೂ ಆಚೆ ಎಲ್ಲೋ ಉಳಿದುಬಿಡುತ್ತದೆ. ಲಕ್ಷದ್ವೀಪದಂಥ ಜಾಗದಲ್ಲಿ ಯಾವುದೇ ಯೋಜನೆಯ ಮೊದಲ ಹಾಳೆಯಲ್ಲಿ ಬಾವಿಯ ಲೆಕ್ಕ ಇರಬೇಕು, ಆ ಲೆಕ್ಕಕ್ಕೆ ಅಲ್ಲಿನ ಜನರ ಸಹಿ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಇದು ನಮಗೆ ಸಂಬಂಧವಿಲ್ಲದ ದೂರದ ಊರಿನ ಕಥೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಉತ್ತರದ ಐದು ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1780ರ ದಶಕದಲ್ಲಿ ಅಮಿನಿಯ ಜನ ಕಣ್ಣೂರಿನ ಅರಕ್ಕಲ್ ಬೀವಿಯ ಆಡಳಿತದಿಂದ ಬೇಸತ್ತು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅವು ಕಂಪನಿ ಸರ್ಕಾರದ ಕೈಸೇರಿ ಮಂಗಳೂರಿನಿಂದಲೇ ಆಳಿಸಿಕೊಂಡವು. ದ್ವೀಪದ ತೆಂಗಿನ ನಾರನ್ನು ಸರ್ಕಾರವೇ ತನಗೆ ಬೇಕಾದ ದರಕ್ಕೆ ಕೊಂಡು, ಬದಲಿಗೆ ಅಕ್ಕಿ ಕೊಡುತ್ತಿತ್ತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ನಮ್ಮ ರಾಜ್ಯಕ್ಕೆ ಸೇರಿದಾಗ ಎರಡು ತುಂಡುಗಳು ಹೊರಗುಳಿದವು. ಕಾಸರಗೋಡಿನ ವಿಷಯ ಪ್ರತಿ ರಾಜ್ಯೋತ್ಸವದಲ್ಲೂ ನಮಗೆ ನೆನಪಾಗುತ್ತದೆ. ಕೇಂದ್ರಾಡಳಿತ ಪ್ರದೇಶದೊಳಗೆ ಹೋದ ಅಮಿನಿ ದ್ವೀಪಗಳನ್ನು ನಾವು ಪೂರ್ತಿ ಮರೆತಿದ್ದೇವೆ. ಮಂಗಳೂರಿನ ಹಳೆ ಬಂದರು ಮಾತ್ರ ಮರೆತಿಲ್ಲ. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ, ಮರಳು ಹೊತ್ತ ಮಂಜಿಗಳು ಇಂದಿಗೂ ಅಲ್ಲಿಂದ ದ್ವೀಪಗಳಿಗೆ ಹೊರಡುತ್ತವೆ.

ಸುತ್ತ ಕಡಲ ದಂಡೆಯೇ ಇರುವ ಊರಿಗೆ ಮರಳು ಏಕೆ ಕಳಿಸಬೇಕು ಎಂದು ಕೇಳಬಹುದು. ಆ ದಂಡೆಯ ಮರಳನ್ನು ಬಾಚಿದರೆ ಊರೇ ಕರಗುತ್ತದೆ. ಲಕ್ಷದ್ವೀಪದ ಒಟ್ಟು ನೆಲ ಕೇವಲ 32 ಚದರ ಕಿಲೋಮೀಟರ್. ಅದರ ಮೇಲೆ 2011ರ ಜನಗಣತಿಯಂತೆ 64 ಸಾವಿರಕ್ಕೂ ಹೆಚ್ಚು ಜನ ಇದ್ದಾರೆ. ಒಂದು ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಮೀರಿದ ಈ ದಟ್ಟಣೆ ನಮ್ಮ ಯಾವುದೇ ಹಳ್ಳಿಗಾಡಿನ ತಾಲ್ಲೂಕಿನಲ್ಲಿ ಕಾಣಸಿಗದು. ಹೆಚ್ಚಿನ ಕಡೆ ನೆಲ ಸಮುದ್ರ ಮಟ್ಟಕ್ಕಿಂತ ಒಂದೆರಡು ಮೀಟರ್ ಮಾತ್ರ ಎತ್ತರ. ಅಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ಕಲ್ಲುಬಂಡೆಯೂ ಇಲ್ಲ. ಇಡೀ ದ್ವೀಪ ಹವಳದ ಪುಡಿ. ಹವಳವೆಂಬ ಸಣ್ಣ ಜೀವಿಗಳು ಸುಣ್ಣದ ಗೂಡು ಕಟ್ಟುತ್ತವೆ. ಅಲೆ ಅದನ್ನು ಒಡೆಯುತ್ತದೆ. ಗಿಳಿಮೀನು ಎಂಬ ಮೀನು ಹವಳವನ್ನು ಕಚ್ಚಿ ಅರೆದು ಮರಳಾಗಿ ಹೊರಹಾಕುತ್ತದೆ. ಆ ಮರಳು ಸಾವಿರಾರು ವರ್ಷ ಒಂದೆಡೆ ಬಿದ್ದು ಬಿದ್ದು ದ್ವೀಪವಾಗಿದೆ. ಅಂದರೆ ನೆಲವನ್ನು ತಯಾರಿಸುವ ಕಾರ್ಖಾನೆ ಇನ್ನೂ ಕೆಲಸ ಮಾಡುತ್ತಿದೆ, ಮಾಡುತ್ತಲೇ ಇರಬೇಕು. ಅದು ನಿಂತ ದಿನದಿಂದ ಅಲೆ ತಿಂದದ್ದನ್ನು ತುಂಬಿಕೊಡುವವರು ಯಾರೂ ಇರುವುದಿಲ್ಲ.

ಇನ್ನು ನೀರಿಗೆ ಬರುತ್ತೇನೆ. ಉಪ್ಪು ನೀರಿನ ನಡುವೆ, ಜರಡಿಯಂಥ ಮರಳಿನಲ್ಲಿ, ಹತ್ತಡಿ ಅಗೆದರೆ ಸಿಹಿ ನೀರು ಸಿಗುವುದು ಹೇಗೆ? ಸಮುದ್ರದ ನೀರು ಮಳೆ ನೀರಿಗಿಂತ ಸ್ವಲ್ಪ ಭಾರ. ಒಂದು ಲೀಟರ್ ಸಿಹಿ ನೀರು ಒಂದು ಕಿಲೋ ತೂಗಿದರೆ ಉಪ್ಪು ನೀರು ಸುಮಾರು 1,025 ಗ್ರಾಂ ತೂಗುತ್ತದೆ. ಇಷ್ಟೇ ವ್ಯತ್ಯಾಸದಿಂದ ವರ್ಷಕ್ಕೆ ಸುಮಾರು 1,600 ಮಿಲಿಮೀಟರ್ ಸುರಿಯುವ ಮಳೆ ನೆಲಕ್ಕಿಳಿದು, ಉಪ್ಪು ನೀರಿನ ಮೇಲೆ ಮಸೂರದ ಆಕಾರದಲ್ಲಿ ತೇಲಿಕೊಂಡಿರುತ್ತದೆ. ನಡುವೆ ದಪ್ಪ, ಅಂಚಿಗೆ ತೆಳು. ಗೈಬೆನ್–ಹರ್ಜ್‌ಬರ್ಗ್ ಎಂಬ ಇಬ್ಬರ ಹೆಸರಿನ ಸೂತ್ರವನ್ನು ಎಂಜಿನಿಯರಿಂಗ್ ಓದಿದವರೆಲ್ಲ ಬಲ್ಲರು. ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿ ನೀರು ನಿಂತಿದ್ದರೆ ಕೆಳಗೆ ನಲವತ್ತು ಅಡಿ ಇರುತ್ತದೆ ಎನ್ನುತ್ತದೆ ಆ ಸೂತ್ರ. ಕಾಗದದಲ್ಲಿ ಚೆಂದದ ಲೆಕ್ಕ. ಹವಳದ ನೆಲದಲ್ಲಿ ದಿನಕ್ಕೆರಡು ಬಾರಿ ಏರಿಳಿಯುವ ಉಬ್ಬರವಿಳಿತ ಎರಡೂ ನೀರನ್ನು ಕಲಕಿಬಿಡುವುದರಿಂದ ನಿಜವಾಗಿ ಕುಡಿಯಬಹುದಾದ ಪದರ ಕೆಲವೇ ಮೀಟರ್ ಮಾತ್ರ.

ಸೂತ್ರವನ್ನು ತಿರುಗಿಸಿ ಓದಿದರೆ ಭಯ ಹುಟ್ಟುತ್ತದೆ. ಮೇಲಿನಿಂದ ಒಂದು ಅಡಿ ನೀರನ್ನು ಎಳೆದರೆ ಕೆಳಗಿನ ಉಪ್ಪು ನೀರು ನಲವತ್ತು ಅಡಿ ಮೇಲೇರಲು ಹವಣಿಸುತ್ತದೆ. ಕೊಡದಲ್ಲಿ ಸೇದಿದರೆ ಬಾವಿ ತಾಳಿಕೊಳ್ಳುತ್ತದೆ. ಪಂಪು ಹಾಕಿ ಒಂದೇ ಜಾಗದಿಂದ ಗಂಟೆಗಟ್ಟಲೆ ಎಳೆದರೆ ಬಾವಿಯ ಅಡಿಯಲ್ಲಿ ಉಪ್ಪು ನೀರು ಗೋಪುರದಂತೆ ಎದ್ದು ನಿಲ್ಲುತ್ತದೆ. ಉತ್ತರ ಕನ್ನಡ, ಉಡುಪಿ ಕಡೆಯ ಕರಾವಳಿಯಲ್ಲಿ ಕೆಲಸ ಮಾಡುವಾಗ ಏಪ್ರಿಲ್ ತಿಂಗಳಿನಲ್ಲಿ ಮನೆಯ ಹೆಂಗಸರು ಬಾವಿ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂದು ದೂರುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅಲ್ಲಿಯಾದರೆ ಹಿಂದೆ ಪಶ್ಚಿಮಘಟ್ಟವಿದೆ, ನಾಲ್ಕು ಮೈಲಿ ಆಚೆಯಿಂದ ಪೈಪು ಎಳೆಯಬಹುದು. ದ್ವೀಪದಲ್ಲಿ ನಾಲ್ಕು ಮೈಲಿ ಆಚೆಗೂ ಸಮುದ್ರವೇ.

ಕೊಳೆಯ ವಿಷಯ ಇದಕ್ಕಿಂತ ಕಠಿಣ. ಮನೆಯ ಹಿಂದೆ ಶೌಚದ ಗುಂಡಿ, ಮುಂದೆ ಬಾವಿ. ನಡುವೆ ಹತ್ತಾರು ಹೆಜ್ಜೆ ಇರಬಹುದು. ಜೇಡಿ ಮಣ್ಣಿದ್ದರೆ ಸೋಸುತ್ತಿತ್ತು, ಹವಳದ ಮರಳು ಏನನ್ನೂ ಹಿಡಿದಿಡುವುದಿಲ್ಲ. ನಮ್ಮ ಬಯಲುಸೀಮೆಯ ನಕ್ಷೆಯ ಶೌಚಾಲಯವನ್ನು ಅಲ್ಲಿಗೆ ಒಯ್ದರೆ ಅದು ನೆರೆಮನೆಯ ಬಾವಿಗೆ ನೇರ ಕೊಳವೆಯಾಗುತ್ತದೆ. ಒಂದೇ ನಕ್ಷೆಯನ್ನು ದೇಶದ ಉದ್ದಗಲಕ್ಕೂ ಹಂಚುವ ಚಾಳಿ ನಮ್ಮ ವೃತ್ತಿಯವರದು, ಅದನ್ನು ಬೇರೆಯವರ ಮೇಲೆ ಹಾಕಲಾರೆ.

ಒಳ್ಳೆಯ ಎಂಜಿನಿಯರಿಂಗ್ ಕೂಡ ಅಲ್ಲಿ ನಡೆದಿದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರನ್ನು ಸಿಹಿ ಮಾಡುವ ಒಂದು ಘಟಕ ನಿಲ್ಲಿಸಿದರು. ಸಮುದ್ರದ ಮೇಲ್ಮೈ ನೀರು ಸುಮಾರು 28 ಡಿಗ್ರಿ ಬೆಚ್ಚಗಿರುತ್ತದೆ, ಮುನ್ನೂರೈವತ್ತು ಮೀಟರ್ ಆಳದ ನೀರು 12–13 ಡಿಗ್ರಿಯಷ್ಟು ತಂಪು. ಗಾಳಿಯೊತ್ತಡ ಇಳಿಸಿದ ಕೊಠಡಿಯಲ್ಲಿ ಬೆಚ್ಚಗಿನ ನೀರು ತಾನಾಗಿ ಆವಿಯಾಗುತ್ತದೆ, ಆಳದ ತಂಪು ನೀರು ಆ ಆವಿಯನ್ನು ಮತ್ತೆ ನೀರಾಗಿಸುತ್ತದೆ. ಸೌದೆ ಬೇಡ, ಸೋಸುವ ಪೊರೆ ಬೇಡ, ರಾಸಾಯನಿಕವೂ ಬೇಡ. ಸಮುದ್ರದ ಎರಡು ಉಷ್ಣತೆಗಳ ನಡುವಿನ ಅಂತರವನ್ನೇ ದುಡಿಸಿಕೊಂಡ ಈ ಕೆಲಸವನ್ನು ಕಂಡು ನನಗೆ ಹೆಮ್ಮೆಯೆನಿಸಿತು. ಆಮೇಲೆ ಮಿನಿಕಾಯ್, ಅಗತ್ತಿಗಳಲ್ಲೂ ಬಂತು. 2024ರ ಜನವರಿಯಲ್ಲಿ, ಅದೇ ಪ್ರವಾಸದ ದಿನಗಳಲ್ಲಿ, ಕಡಮತ್‌ನ ಘಟಕ ಉದ್ಘಾಟನೆಯಾಯಿತು. ಫೋನಿಗೆ ಬಂದ ಚಿತ್ರಗಳಲ್ಲಿ ಅದು ಇರಲಿಲ್ಲ!

ಈಗ ಸ್ವಲ್ಪ ಗುಣಾಕಾರ ಮಾಡೋಣ. ಕವರತ್ತಿಯ ಆ ಮೊದಲ ಘಟಕದ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರ್. ಊರಿನ ಜನ 11 ಸಾವಿರ. ತಲೆಗೆ ಒಂಬತ್ತು ಲೀಟರ್ ಬಂತು, ಕುಡಿಯಲು ಮತ್ತು ಅಡಿಗೆಗೆ. ಕಡಮತ್‌ನ ಘಟಕ ಒಂದೂವರೆ ಲಕ್ಷ ಲೀಟರಿನದು. ಅಲ್ಲಿ 2011ರಲ್ಲಿದ್ದ ಜನ ಸುಮಾರು 5,400, ಅಂದರೆ ತಲೆಗೆ 28 ಲೀಟರಿನೊಳಗೆ. ಸ್ನಾನ, ಬಟ್ಟೆ, ಪಾತ್ರೆ ಎಲ್ಲಕ್ಕೂ ಬಾವಿಯೇ ಗತಿ. 2023ರ ಜನವರಿಯಲ್ಲಿ ಇದೇ ಕಡಮತ್‌ನಲ್ಲೂ ಜನವಸತಿಯಿಲ್ಲದ ಸುಹೇಲಿಯಲ್ಲೂ ತಲಾ 110 ಕೋಣೆಗಳ ಐಷಾರಾಮಿ ರೆಸಾರ್ಟುಗಳ ಘೋಷಣೆಯಾಯಿತು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಪಂಚತಾರಾ ಹೋಟೆಲಿಗೆ ತಲೆಗೆ 320 ಲೀಟರ್ ನೀರು ಹಿಡಿಯಬೇಕು. ಕೋಣೆಗೆ ಇಬ್ಬರಂತೆ 220 ಅತಿಥಿಗಳಿಗೆ ಬೇಕಾಗುವುದು 70,400 ಲೀಟರ್. ಇಡೀ ಊರಿಗಿರುವ ಘಟಕದ ಉತ್ಪಾದನೆಯ ಅರ್ಧಕ್ಕೆ ಹತ್ತಿರ, ಅದೂ ಈಜುಕೊಳ, ಹುಲ್ಲುಹಾಸು, ನೌಕರರ ವಸತಿ ಲೆಕ್ಕಕ್ಕೆ ಸೇರಿಸದೆ.

ರೆಸಾರ್ಟಿನವರು ಊರಿನ ನೀರು ಮುಟ್ಟುವುದಿಲ್ಲ, ತಮ್ಮದೇ ಯಂತ್ರ ಹಾಕಿಕೊಳ್ಳುತ್ತಾರೆ ಎಂಬ ಉತ್ತರ ಬರುತ್ತದೆ. ಬರಲಿ. ಆ ಯಂತ್ರಕ್ಕೆ ವಿದ್ಯುತ್ ಬೇಕು. ಕವರತ್ತಿಯಲ್ಲಿ ಬ್ಯಾಟರಿ ಸಹಿತ ಸೌರ ಸ್ಥಾವರ ಬಂದಿದ್ದರೂ ದ್ವೀಪಗಳ ವಿದ್ಯುತ್ತಿನ ಬಹುಪಾಲು ಇಂದಿಗೂ ಹಡಗಿನಲ್ಲಿ ಬರುವ ಡೀಸೆಲಿನದು, ಮಳೆಗಾಲದಲ್ಲಿ ಆ ಹಡಗು ಬರುವುದೇ ಕಷ್ಟ. ಪೊರೆಯ ಯಂತ್ರ ಹಾಕಿದರೆ ಇಮ್ಮಡಿ ಉಪ್ಪಿನ ತ್ಯಾಜ್ಯ ನೀರನ್ನು ಎಲ್ಲಿ ಬಿಡುತ್ತಾರೆ? ದಂಡೆಯ ಒಳಗಿನ ಲಗೂನಿಗೆ ಬಿಟ್ಟರೆ ಹವಳಕ್ಕೆ ಕುತ್ತು. ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯ ಕಥೆ ನೆನಪಿಸಿಕೊಳ್ಳಿ. ಅದೂ ಇಂಥದೇ ಹವಳದ ದ್ವೀಪ. ಜನ ತುಂಬಿ, ಬಾವಿಗಳೆಲ್ಲ ಕೆಟ್ಟು, ಊರು ಪೂರ್ತಿ ಯಂತ್ರದ ನೀರಿಗೆ ಜೋತುಬಿತ್ತು. 2014ರ ಡಿಸೆಂಬರಿನಲ್ಲಿ ಆ ಘಟಕಕ್ಕೆ ಬೆಂಕಿ ಬಿದ್ದಾಗ ಲಕ್ಷಕ್ಕೂ ಹೆಚ್ಚು ಜನರ ನಲ್ಲಿ ಒಣಗಿತು. ನಮ್ಮ ವಾಯುಪಡೆಯ ವಿಮಾನಗಳು, ನೌಕಾಪಡೆಯ ಹಡಗುಗಳು ನೀರು ಹೊತ್ತು ಓಡಿದವು. ಯಂತ್ರವಿರಲಿ, ಆದರೆ ಯಂತ್ರ ನಿಂತ ದಿನ ಇಳಿಯಬಹುದಾದ ಬಾವಿಯೊಂದು ಇರಬೇಕು. ಬಾವಿಯನ್ನು ಕೆಡಿಸಿಕೊಂಡ ದ್ವೀಪಕ್ಕೆ ಎರಡನೆಯ ಅವಕಾಶವಿಲ್ಲ.

ಹವಳದ ಸ್ಥಿತಿಯೂ ಒಳ್ಳೆಯದಿಲ್ಲ. 1998, 2010, 2016ರಲ್ಲಿ ಸಮುದ್ರ ಬಿಸಿಯೇರಿ ಹವಳ ಬಿಳಿಚಿಕೊಂಡು ರಾಶಿ ರಾಶಿ ಸತ್ತಿತು. 2024ರಲ್ಲಿ ಮತ್ತೆ ಬಿಳಿಚಿತು. ನಮ್ಮ ಮೈಸೂರಿನಲ್ಲೇ ಕಚೇರಿಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ರೋಹನ್ ಆರ್ಥರ್ ಮತ್ತು ಸಂಗಡಿಗರು 1998ರಿಂದ ಈ ದಂಡೆಗಳಲ್ಲಿ ಮುಳುಗಿ ಎಣಿಸುತ್ತಿದ್ದಾರೆ. 24 ವರ್ಷಗಳ ಅವರ ಎಣಿಕೆಯಲ್ಲಿ ಶೇ 37ರಷ್ಟಿದ್ದ ಜೀವಂತ ಹವಳದ ಹೊದಿಕೆ ಶೇ 19ರ ಆಸುಪಾಸಿಗೆ ಇಳಿದಿದೆ. ಸಮುದ್ರವನ್ನು ತಣ್ಣಗಾಗಿಸುವುದು ದ್ವೀಪದವರ ಕೈಯಲ್ಲಿಲ್ಲ. ಎರಡು ಬಿಸಿಯ ನಡುವಿನ ಆರೇಳು ವರ್ಷಗಳಲ್ಲಿ ಹವಳ ಚೇತರಿಸಿಕೊಳ್ಳಲು ತೊಂದರೆ ಕೊಡದಿರುವುದು ನಮ್ಮ ಕೈಯಲ್ಲಿದೆ. ಲಗೂನಿನ ತಳ ತೋಡುವುದು, ನೀರಿನ ಮೇಲೆ ಕಂಬ ನಿಲ್ಲಿಸಿ ವಿಲ್ಲಾ ಕಟ್ಟುವುದು, ಕೊಳೆ ಬಿಡುವುದು ಇವೆಲ್ಲ ಚೇತರಿಕೆಯ ಹೊತ್ತಿನಲ್ಲಿ ರೋಗಿಯ ಎದೆಯ ಮೇಲೆ ಕಾಲಿಟ್ಟಂತೆ. ಮೀನುಗಾರಿಕೆಗೂ ಇದೇ ಮಾತು. ಮಿನಿಕಾಯ್ ಜನರ ಪರಂಪರೆಯ ವಿದ್ಯೆಯಲ್ಲಿ ಟ್ಯೂನಾ ಮೀನನ್ನು ಬಲೆಯಿಲ್ಲದೆ ಒಂದೊಂದಾಗಿ ಗಾಳದ ಕೋಲಿನಿಂದ ಎತ್ತುತ್ತಾರೆ. ಅದಕ್ಕೆ ಬೇಕಾದ ಜೀವಂತ ಎರೆಮೀನು ಸಿಗುವುದು ಹವಳದ ದಂಡೆಯ ಒಳಗಿನ ಲಗೂನಿನಲ್ಲಿ.

ಸಂರಕ್ಷಣೆ ಎಂದೊಡನೆ ಎಲ್ಲ ಸರಳವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅಗತ್ತಿಯ ಲಗೂನಿನಲ್ಲಿ ಹಸಿರು ಆಮೆಗಳು ಗುಂಪು ಗುಂಪಾಗಿ ಸೇರಿ ಕಡಲ ಹುಲ್ಲನ್ನೆಲ್ಲ ಮೇಯ್ದುಬಿಟ್ಟವು. ಹುಲ್ಲು ಹೋದ ಮೇಲೆ ಮೀನು ಕಡಿಮೆಯಾಯಿತೆಂದು ಬೆಸ್ತರು ಸಿಟ್ಟಾದರು. ಆಮೆ ಕಾನೂನು ಕಾಯುವ ಜೀವಿ, ಬೆಸ್ತನಿಗೆ ಹಸಿವಿದೆ. ಇಂಥ ತಂಟೆಯನ್ನು ದೆಹಲಿಯಲ್ಲಿ ಕುಳಿತು ಬಿಡಿಸಲಾಗದು, ಅಲ್ಲಿನವರ ಜೊತೆ ಕೂತೇ ಬಿಡಿಸಬೇಕು.

ದಂಡೆ ಕೊರೆತಕ್ಕೆ ಸುರಿದ ನಾಲ್ಕು ಕಾಲಿನ ಕಾಂಕ್ರೀಟ್ ತುಂಡುಗಳ ಬಗ್ಗೆ ಒಂದು ಮಾತು. ಅಲೆಯ ಹೊಡೆತವನ್ನು ಅವು ಒಂದು ಕಡೆ ತಡೆದರೆ ಪಕ್ಕದ ದಂಡೆ ಕೊರೆಯತೊಡಗುತ್ತದೆ. ಉಳ್ಳಾಲದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಪ್ಪಿಗೆಯ ಪ್ರಶ್ನೆ ಇನ್ನೂ ಉಳಿದಿದೆ. 2012ರಲ್ಲಿ ಒಂದು ರೆಸಾರ್ಟಿನ ವ್ಯಾಜ್ಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ನ್ಯಾಯಾಲಯ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಅವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು. ಪ್ರತಿ ದ್ವೀಪಕ್ಕೂ ಪ್ರತ್ಯೇಕವಾದ ಸಮಗ್ರ ನಿರ್ವಹಣಾ ಯೋಜನೆ ಇರಬೇಕು, ವಿಜ್ಞಾನದಿಂದ ಗೊತ್ತುಪಡಿಸಿದ ಮಿತಿಯೊಳಗೆ ಮತ್ತು ಚುನಾಯಿತ ಸ್ಥಳೀಯ ಸಂಸ್ಥೆಗಳ ಜೊತೆ ಸಮಾಲೋಚಿಸಿಯೇ ಅಭಿವೃದ್ಧಿ ನಡೆಯಬೇಕು ಎಂಬ ದಾರಿ ಹಾಕಿಕೊಟ್ಟಿತು ಆ ಪ್ರಕ್ರಿಯೆ. ಅದಕ್ಕಿಂತ ಒಳ್ಳೆಯ ದಾರಿ ನನಗೆ ತೋರುವುದಿಲ್ಲ. ಆದರೆ 2021ರಲ್ಲಿ ಹೊರಬಂದ ಲಕ್ಷದ್ವೀಪ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಬೇರೆಯೇ ಭಾಷೆಯಲ್ಲಿತ್ತು. ಯೋಜನೆಗೆ ಬೇಕೆಂದ ನೆಲವನ್ನು ಪ್ರಾಧಿಕಾರ ವಶಪಡಿಸಿಕೊಳ್ಳಬಹುದೆಂದಿತ್ತು. ಅಭಿವೃದ್ಧಿ ಎಂಬ ಪದದ ವ್ಯಾಖ್ಯೆಯಲ್ಲಿ ಗಣಿಗಾರಿಕೆ, ಕಲ್ಲುಗಣಿ ಎಂಬ ಪದಗಳೂ ಇದ್ದವು. ಕಲ್ಲೇ ಇಲ್ಲದ ದ್ವೀಪಕ್ಕೆ ಕಲ್ಲುಗಣಿ! ಮುಖ್ಯಭೂಮಿಯ ಯಾವುದೋ ನಗರದ ಕಾನೂನಿನಿಂದ ಎತ್ತಿ ಹಚ್ಚಿದ ಸಾಲು ಅದು ಎಂದು ತಿಳಿಯಲು ವಕೀಲರಾಗಬೇಕಿಲ್ಲ. ಜನ ಮನೆ ಮನೆಯಲ್ಲಿ ಉಪವಾಸ ಕೂತು ಪ್ರತಿಭಟಿಸಿದರು. 2025ರ ಜುಲೈನಲ್ಲಿ ಬಿತ್ರಾ ದ್ವೀಪವನ್ನು ಪೂರ್ತಿಯಾಗಿ ರಕ್ಷಣಾ ಉದ್ದೇಶಕ್ಕೆ ತೆಗೆದುಕೊಳ್ಳುವ ಸಲುವಾಗಿ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಅಧಿಸೂಚನೆ ಹೊರಟಿತು. ಹಿಂದೆ ಮಂಗಳೂರಿನ ಕಡತಗಳಲ್ಲಿದ್ದ ಐದರಲ್ಲಿ ಅದೂ ಒಂದು. 2011ರಲ್ಲಿ ಅಲ್ಲಿದ್ದವರು 271 ಜನ. ದೇಶದ ಭದ್ರತೆಯ ಅಗತ್ಯವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಆ ಅಧಿಸೂಚನೆ ಹೊರಟ ದಿನ ದ್ವೀಪಗಳಲ್ಲಿ ಒಂದೂ ಚುನಾಯಿತ ಪಂಚಾಯತಿ ಇರಲಿಲ್ಲ. ಯಾರ ಜೊತೆ ಸಮಾಲೋಚನೆ?

ಹಾಗಾದರೆ ಅಲ್ಲಿನವರು ಹಿಂದುಳಿದೇ ಇರಬೇಕೆ ಎಂದು ಕೇಳುವವರಿದ್ದಾರೆ. ಅಲ್ಲಿನವರನ್ನೇ ಕೇಳಿ. ಕಠಿಣ ಹೆರಿಗೆಗೆ, ಹೃದಯಾಘಾತಕ್ಕೆ ಕೊಚ್ಚಿಗೆ ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾದ ಸ್ಥಿತಿ ತಪ್ಪಲು ಆಸ್ಪತ್ರೆ ಬೇಕು. ಹಡಗಿನ ಟಿಕೆಟಿಗೆ ದಿನಗಟ್ಟಲೆ ಕಾಯದಂತೆ ಹಡಗು ಬೇಕು. ಹಿಡಿದ ಟ್ಯೂನಾ ಕೆಡದಂತೆ ಮಂಜುಗಡ್ಡೆಯ ಘಟಕ, ಶೀತಲ ಉಗ್ರಾಣ ಬೇಕು. 2024ರಲ್ಲಿ ಕೊಚ್ಚಿಯಿಂದ ಬಂದ ಸಮುದ್ರದಡಿಯ ಇಂಟರ್ನೆಟ್ ತಂತಿಯನ್ನು ಅವರು ಸಂತೋಷದಿಂದ ಬಳಸುತ್ತಿದ್ದಾರೆ. ಇವು ಯಾವುವೂ ಬಾವಿಯನ್ನು ಕೆಡಿಸುವ ಕೆಲಸಗಳಲ್ಲ. ಪ್ರವಾಸಿಗರೂ ಬರಲಿ, ಊರಿನವರ ಮನೆಗಳಲ್ಲೇ ತಂಗಲಿ, ಹಣ ಆ ಮನೆಗೇ ಹೋಗಲಿ. ಒಂದು ತಿಂಗಳಿಗೆ ಎಷ್ಟು ಜನ ಎಂಬ ಸಂಖ್ಯೆಯನ್ನು ಮಾತ್ರ ನೀರು ಹೇಳಲಿ.

ಮಠದ ಪತ್ರಿಕೆಯಾದ್ದರಿಂದ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳುತ್ತೇನೆ. ಲಕ್ಷದ್ವೀಪದವರು ಬಹುತೇಕ ಎಲ್ಲರೂ ಮುಸಲ್ಮಾನರು. 2021ರ ಗಲಾಟೆಯ ದಿನಗಳಲ್ಲಿ ನಮ್ಮವರ ಕೆಲವು ವಾಟ್ಸಾಪ್ ಗುಂಪುಗಳಲ್ಲಿ ಬಂದ ಮಾತುಗಳನ್ನು ಓದಿ ನನಗೆ ನಾಚಿಕೆಯಾಯಿತು. ಬಾವಿಯ ಉಪ್ಪಿನ ಪ್ರಶ್ನೆಯನ್ನು ಧರ್ಮದ ಪ್ರಶ್ನೆ ಮಾಡಿದ್ದರು. ಹುಟ್ಟು ನೋಡಿ ಮನುಷ್ಯನನ್ನು ಅಳೆಯಬಾರದು ಎಂದು ಹನ್ನೆರಡನೇ ಶತಮಾನದಲ್ಲೇ ಕಲಿತೆವೆನ್ನುವ ನಾವು ಕಡಲಾಚೆಯ ಒಂದು ಕೊಡ ನೀರಿನ ವಿಷಯದಲ್ಲಿ ಅದನ್ನು ಮರೆಯುವುದೇ?

ಲಕ್ಷದ್ವೀಪದ ಆಡಳಿತ ಒಂದು ಸಣ್ಣ ಕೆಲಸ ಮಾಡಬಹುದು. ಪ್ರತಿ ದ್ವೀಪದಲ್ಲಿ ನಾಲ್ಕೈದು ಬಾವಿ ಆರಿಸಿ, ತಿಂಗಳಿಗೊಮ್ಮೆ ನೀರಿನ ಉಪ್ಪಿನಂಶ ಮತ್ತು ಮಲದ ರೋಗಾಣುಗಳ ಪರೀಕ್ಷೆ ಮಾಡಿಸಿ, ಅಂಕಿಗಳನ್ನು ಮಲಯಾಳದಲ್ಲೂ ಮಿನಿಕಾಯ್‌ನಲ್ಲಾದರೆ ಮಹಲ್ ಭಾಷೆಯಲ್ಲೂ ಪಂಚಾಯತಿ ಕಟ್ಟಡದ ಹಲಗೆಗೆ ಬರೆಯಿಸಲಿ. ಅಂಕಿ ಏರುತ್ತಿರುವ ದ್ವೀಪದಲ್ಲಿ ಹೊಸ ಕೋಣೆಗೆ ಪರವಾನಗಿ ಬೇಡ. ಉಪ್ಪಿನಂಶ ಅಳೆಯುವ ಕೈಯಳತೆಯ ಉಪಕರಣ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ, ಶಾಲೆಯ ಮಕ್ಕಳೂ ಬಳಸಬಲ್ಲರು. ಪಂಚಾಯತಿ ಚುನಾವಣೆಯಂತೂ ಮೊದಲು ನಡೆಯಬೇಕು.

ನಮ್ಮ ಬಳಗದವರು ಮುಂದಿನ ಚಳಿಗಾಲದಲ್ಲಿ ಹೋಗುವುದೇ ಆದರೆ ಟಿಕೆಟು ಮಾಡಿಸುವ ಮೊದಲು ಪ್ರವಾಸ ಏರ್ಪಡಿಸುವವರಿಗೆ ಎರಡು ಪ್ರಶ್ನೆ ಹಾಕಿ: ನಾವು ಇಳಿಯುವ ಮನೆಗೆ ನೀರು ಎಲ್ಲಿಂದ ಬರುತ್ತದೆ, ಶೌಚದ ನೀರು ಎಲ್ಲಿಗೆ ಹೋಗುತ್ತದೆ? ಉತ್ತರ ಗೊತ್ತಿಲ್ಲದವರ ಬಳಿ ಮುಂಗಡ ಕೊಡಬೇಡಿ. ಹೋದ ಮೇಲೆ ದಿನಕ್ಕೆ ಎರಡು ಬಕೆಟ್ ನೀರು ಸಾಕು. ಪ್ಲಾಸ್ಟಿಕ್ ಬಾಟಲಿಯನ್ನು ಹಿಂದಿರುಗುವ ಹಡಗಿನಲ್ಲಿ ನಿಮ್ಮ ಚೀಲದಲ್ಲೇ ತನ್ನಿ, ಏಕೆಂದರೆ ಅಲ್ಲಿ ಅದನ್ನು ಹೂಳಲು ಜಾಗವಿಲ್ಲ.